ಹೋದ ಕಾಲ ಯಾಕೆ ಹೊಳ್ಳಿ ಬರುವುದಿಲ್ಲ?

ನಮ್ಮ ಹಿರಿಯರು ಕಾಲವನ್ನು ಚಕ್ರ ಎಂದರು. ಸುಳ್ಳಲ್ಲ. ಪಂಚಾಂಗದಲ್ಲಿ 60 ಸಂವತ್ಸರ, ಕಡೆಯದು ಮುಗಿದರೆ ಮತ್ತೆ ಪ್ರಭವ. ಅಮಾಸಿ, ಹುಣ್ಣಿಮೆ, ಯುಗಾದಿ ಎಲ್ಲ ಸುತ್ತಿ ಸುತ್ತಿ ಬರುತ್ತವೆ. ಆದರೆ 60 ತುಂಬಿದವರು ಷಷ್ಟಿಪೂರ್ತಿಗೆಂದು ಗುಡ್ಡ ಹತ್ತಿ ಬಂದಾಗ ನೋಡಿರಿ. ಹುಟ್ಟಿದ ಸಂವತ್ಸರ ಹೊಳ್ಳಿ ಬಂದಿರುತ್ತದೆ, ನರೆತ ಕೂದಲು ಕರ್ರಗಾಗಿರುವುದಿಲ್ಲ!

ವಿಚಿತ್ರವೆಂದರೆ ನ್ಯೂಟನ್ನರ ಚಲನೆಯ ನಿಯಮಗಳಲ್ಲಿ ಮುಂದೆ ಹಿಂದೆ ಎಂಬ ಭೇದವೇ ಇಲ್ಲ. ತೊಟ್ಟಿಲು ತೂಗುವುದನ್ನು ಮೊಬೈಲಿನಲ್ಲಿ ಹಿಡಿದು ಉಲ್ಟಾ ಓಡಿಸಿದರೆ ನಾಲ್ಕು ತೂಗಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಅದೇ ಹೆಸರಿನಲ್ಲೇ ಬೆಲ್ಲ ಇಟ್ಟುಕೊಂಡ ನಮ್ಮ ಬೆಲ್ಲದ ಬಾಗೇವಾಡಿ ಸೀಮೆಯ ಒಂದು ಗಾಣವನ್ನು ಉಲ್ಟಾ ಓಡಿಸಿರಿ. ಬೆಲ್ಲದ ಪೆಂಟಿ ಕರಗಿ ಪಾಕವಾಗಿ, ಹಾರಿದ ಉಗಿ ಕೊಪ್ಪರಿಗೆಗೆ ಇಳಿದು, ಹಾಲು ಸಿಪ್ಪೆಯೊಳಗೆ ಹೊಕ್ಕು ಕಬ್ಬು ಇಡಿಯಾಗಿ ಹೊರಗೆ ಬಂದರೆ ಸಣ್ಣ ಹುಡುಗನೂ ನಗುತ್ತಾನೆ.

ಇದಕ್ಕೆ 1877ರಲ್ಲಿ ಆಸ್ಟ್ರಿಯಾ ದೇಶದ ಬೋಲ್ಟ್ಸ್‌ಮನ್ ಎಂಬ ವಿಜ್ಞಾನಿ ಬರೀ ಎಣಿಕೆಯಿಂದ ಉತ್ತರ ಕೊಟ್ಟರು. ಭಂಡಾರದ ತಾಟಿನಲ್ಲಿ ಚಿಟಿಕೆ ಕುಂಕುಮ ಹಾಕಿ ಬಲಕ್ಕೆ ಹತ್ತು ಸುತ್ತು ಬೆರಳಾಡಿಸಿರಿ. ಆಮೇಲೆ ಎಡಕ್ಕೆ ಹತ್ತು ಸುತ್ತು ತಿರುವಿದರೂ ಬೇರೆಯಾಗದು. ಬೇರೆಯಾಗಬಾರದು ಎಂದು ಯಾವ ಕಾಯಿದೆಯೂ ಇಲ್ಲ. ಬೇರೆ ಬೇರೆ ನಿಲ್ಲುವ ರೀತಿಗಳು ಕೆಲವೇ, ಕಲೆತು ನಿಲ್ಲುವ ರೀತಿಗಳು ಎಣಿಸಲಾರದಷ್ಟು, ಇಷ್ಟೇ ಕಾರಣ. ಹಾಗಾದರೆ ನೀರಾದ ಹಾಲು ಗಟ್ಟಿ ಪೆಂಟಿ ಆದದ್ದು ಹೇಗೆ, ಅದು ಕೂಡಿಸಿದ್ದಲ್ಲವೇ ಎಂದು ನೀವು ಕೇಳಬಹುದು. ಕೂಡಿಸಿದ್ದೇ. ಆದರೆ ಒಲೆಯ ಕಡೆ ನೋಡಿರಿ. ಎಷ್ಟು ರವದಿ, ಎಷ್ಟು ಸಿಪ್ಪೆ ಉರಿದು ಬೂದಿ ಹೊಗೆಯಾಗಿ ಹೋಯಿತು! ಒಂದು ಪೆಂಟಿ ಕೂಡಿಸಲಿಕ್ಕೆ ಅದಕ್ಕಿಂತ ಹೆಚ್ಚು ಚದುರಿಸಬೇಕು. ಇನ್ನು ಸುಮಾರು 1380 ಕೋಟಿ ವರ್ಷಗಳ ಹಿಂದೆ ಈ ವಿಶ್ವ ಅಷ್ಟು ಅಚ್ಚುಕಟ್ಟಾಗಿ ಯಾಕೆ ಶುರುವಾಯಿತು ಎಂಬುದು ವಿಜ್ಞಾನಿಗಳಿಗೂ ಇನ್ನೂ ಬಿಡಿಸಲಾಗದ ಗಂಟು.

ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವರ ಗುಡಿ ಮೇಲೆ ಕಾಣುತ್ತದೆ. ಜನ ಹೋಗಿ ಕೈ ಮುಗಿದು ಬರುತ್ತಾರೆ. ಗುಡಿ ಬಂತು. ಅದರ ಸುತ್ತ ಇದ್ದ ಓಣಿ, ಸಂಜಿ ಮುಂದಿನ ಹೊಗೆ, ಕಟ್ಟೆಯ ಮೇಲಿನ ಮಾತು ಬರಲಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತೇನೆಂದರೆ, ಸೇವೆಯ ಚೀಟಿ ಹರಿಯುವ ನಮ್ಮಂಥವರ ಮುಂದೆ ಆಗಿಹೋದದ್ದಕ್ಕೆ ಬೇಡಿಕೊಳ್ಳುವವರೂ ಬರುತ್ತಾರೆ. ಬಸ್ಸು ಉರುಳಿದ ಸುದ್ದಿ ಬಂದಿದೆ, ಮಗನ ಸುದ್ದಿ ಬಂದಿಲ್ಲ. ತಾಯಿ ಅಭಿಷೇಕ ಬರೆಸುತ್ತಾಳೆ. ಆಗುವುದು ಆಗಿಹೋಗಿದೆ, ಈಗ ಬೇಡಿ ಏನು ಫಲ ಎಂದು ಬಲ್ಲವರು ಅನ್ನಬಹುದು. ನಾನು ಅನ್ನಲಾರೆ. ಹಿಂದಿನದು ನಮಗೆ ತಿಳಿಯುವುದು ಅದರ ಗುರುತಿನಿಂದ, ಬೂದಿ ನೋಡಿ ಒಲೆ ಉರಿದದ್ದು ತಿಳಿದ ಹಾಗೆ. ಆ ತಾಯಿಗೆ ಇನ್ನೂ ಯಾವ ಗುರುತೂ ಮುಟ್ಟಿಲ್ಲ. ಆಕೆಯ ಪಾಲಿಗೆ ಅದು ನಾಳೆಯ ಹಾಗೇ ಇದೆ.

ಅಣ್ಣನ ಹೊಲದ ಬದು ಒತ್ತಿ, ಅದು ಆಗಿಲ್ಲ ಎಂಬಂತಾಗಲಿ ಎಂದು ಹರಕೆ ಹೊರುವವರ ಮಾತು ಬೇರೆ. ಒತ್ತಿದ್ದು ಒತ್ತಿದ್ದೇ, ಕಲೆತ ಕುಂಕುಮ ಅದು. ಆದರೆ ಬದುವಿನ ಕಲ್ಲು ಮಾತ್ರ ಇವತ್ತೂ ಕಿತ್ತಲಿಕ್ಕೆ ಬರುತ್ತದೆ, ಮೊದಲಿದ್ದಲ್ಲಿ ನಡಲಿಕ್ಕೆ ಬರುತ್ತದೆ. ಬೆವರು ಇಳಿಯುತ್ತದೆ, ನಾಲ್ಕು ಮಂದಿ ನೋಡುತ್ತಾರೆ, ಅಷ್ಟೇ. ಹಾಗೆ ನಟ್ಟು ಬಂದವರೂ ಉಂಟು. ಅವರು ಚೀಟಿಯಲ್ಲಿ ಅಣ್ಣನ ಹೆಸರೂ ಬರೆಯಿರಿ ಅನ್ನುತ್ತಾರೆ. ಒಂದೇ ಚೀಟಿಯಲ್ಲಿ ಎರಡೂ ಹೆಸರು ಹಿಡಿಯುತ್ತವೆ, ರೊಕ್ಕ ಹೆಚ್ಚಿಗೆ ಇಲ್ಲ.