ಯಾರೂ ನೋಡದ ಒಂದು ಹೊಡೆತ

ಗಾಲ್ಫ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಎತ್ತರದ ಕಾಂಪೌಂಡು, ಅದರಾಚೆಯ ಹಸಿರು ಹುಲ್ಲು ಮತ್ತು ನಮಗೆ ಪ್ರವೇಶವಿಲ್ಲದ ಒಂದು ಗೇಟು. 2021ರಲ್ಲಿ ಬೆಂಗಳೂರಿನ ಅದಿತಿ ಅಶೋಕ್‌ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿದಾಗ ಮರುಗಿದವರಲ್ಲಿ ಎಷ್ಟೋ ಮಂದಿ ಅಂದೇ ಮೊದಲ ಬಾರಿ ಈ ಆಟವನ್ನು ನೋಡಿದ್ದರು. ಇದು ಶ್ರೀಮಂತರ ಆಟವೆಂಬ ಮಾತು ಸುಳ್ಳೇನಲ್ಲ. ಆದರೆ ಅದರೊಳಗೆ ಒಂದು ವಿಚಿತ್ರವಿದೆ. ಕ್ರಿಕೆಟ್ಟಿನಲ್ಲಿ ಚೆಂಡು ಬ್ಯಾಟಿಗೆ ತಾಗಿದ್ದು ತನಗೆ ಗೊತ್ತಿದ್ದರೂ ಅಂಪೈರ್ ಬೆರಳೆತ್ತುವ ತನಕ ಆಟಗಾರ ನಿಂತೇ ಇರುತ್ತಾನೆ. ಹೆಚ್ಚಿನವರು ಅದನ್ನು ಮೋಸವೆನ್ನುವುದಿಲ್ಲ. ಗಾಲ್ಫಿನಲ್ಲಿ ಪ್ರತಿಯೊಬ್ಬನ ಬೆನ್ನಿಗೂ ಅಂಪೈರ್ ಇರುವುದಿಲ್ಲ. ತಪ್ಪಾದರೆ ಆಟಗಾರ ತಾನೇ ಹೇಳಬೇಕು, ದಂಡವನ್ನೂ ತಾನೇ ಹಾಕಿಕೊಳ್ಳಬೇಕು.

1925ರ ಅಮೆರಿಕನ್ ಓಪನ್ ಪಂದ್ಯ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ನಡೆಯಿತು. ಮೊದಲ ಸುತ್ತಿನಲ್ಲಿ ಬಾಬಿ ಜೋನ್ಸ್ ಎಂಬ 23ರ ಹರೆಯದ ಆಟಗಾರ ಎತ್ತರದ ಹುಲ್ಲಿನಲ್ಲಿ ಬಿದ್ದಿದ್ದ ಚೆಂಡಿನ ಹಿಂದೆ ಕೋಲನ್ನಿಡುವಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ಅದನ್ನು ನೋಡಲಿಲ್ಲ. ಜೋನ್ಸ್ ತನ್ನ ಲೆಕ್ಕಕ್ಕೆ ಒಂದು ಹೊಡೆತ ಸೇರಿಸಬೇಕೆಂದು ಹಟ ಹಿಡಿದ. ನಾಲ್ಕು ಸುತ್ತು ಮುಗಿದಾಗ ಅವನೂ ವಿಲ್ಲಿ ಮ್ಯಾಕ್‌ಫರ್ಲೇನನೂ 291 ಹೊಡೆತಗಳಲ್ಲಿ ಸಮನಾಗಿದ್ದರು. ಮತ್ತೆ 36 ಕುಳಿಗಳ ಆಟವಾಗಿ ಜೋನ್ಸ್ ಒಂದು ಹೊಡೆತದಿಂದ ಸೋತ. ಆ ದಂಡವಿಲ್ಲದಿದ್ದರೆ ಮರು ಆಟವೇ ಬೇಕಿರಲಿಲ್ಲ.

ಹೊಗಳಿದವರಿಗೆ ಅವನು ಕೊಟ್ಟ ಉತ್ತರ ಪ್ರಸಿದ್ಧ: ಇದು ಬ್ಯಾಂಕ್ ದರೋಡೆ ಮಾಡಲಿಲ್ಲವೆಂದು ಹೊಗಳಿದ ಹಾಗಾಯಿತು ಎಂಬರ್ಥದ ಮಾತು. ಕೇಳಲು ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ ಇರುತ್ತಾನೆ. ಇಲ್ಲಿ ಹುಲ್ಲು ಮತ್ತು ಅವನ ಕಣ್ಣು ಮಾತ್ರ. ಆ ಕಣ್ಣಿನ ಮೇಲೂ ಸಂಶಯಪಡಬಹುದಿತ್ತು. ಗಾಳಿಗೆ ಹುಲ್ಲು ಅಲುಗಿರಬಹುದು, ನನಗೇ ಹಾಗೆ ಕಂಡಿರಬಹುದು ಎಂದು ಮನಸ್ಸು ತನ್ನ ಪರವಾಗಿ ತಾನೇ ವಕೀಲಿಕೆ ಮಾಡಲು ಎಷ್ಟು ಹೊತ್ತು ಬೇಕು? ಕನ್ನಡದಲ್ಲಿ ಈ ಗುಣಕ್ಕೆ ಪ್ರಾಮಾಣಿಕತೆ ಎನ್ನುತ್ತೇವೆ. ಪದದೊಳಗೆ ಪ್ರಮಾಣವಿದೆ, ಅಂದರೆ ಪುರಾವೆ. ಉರ್ದುವಿನಲ್ಲಿ ಅದೇ ಗುಣ ಈಮಾನ್‌ದಾರಿ. ಅಲ್ಲಿರುವುದು ವಿಶ್ವಾಸ. ವೂಸ್ಟರ್‌ನ ಆ ಹುಲ್ಲಿನಲ್ಲಿ ಪುರಾವೆ ಇರಲಿಲ್ಲ.

ಇದು ಸರಳ ಪ್ರಕರಣ. ತೊಡಕಿನದು 1968ರದು.

ಜೋನ್ಸ್ ಮುಂದೆ ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯವನ್ನು ಹುಟ್ಟುಹಾಕಿದವರಲ್ಲಿ ಒಬ್ಬನಾದ. ಅದೇ ಪಂದ್ಯದ ಕೊನೆಯ ದಿನ, 1968ರ ಏಪ್ರಿಲ್ 14ರಂದು, ಅರ್ಜೆಂಟೀನಾದ ರೊಬರ್ಟೊ ಡಿ ವಿಚೆಂಜೊಗೆ 45 ತುಂಬಿತು. ಮೊದಲ ಕುಳಿಯಲ್ಲೇ ಎರಡನೆಯ ಹೊಡೆತಕ್ಕೆ ಚೆಂಡು ಒಳಗೆ ಬಿತ್ತು. ಜನ ಹುಟ್ಟುಹಬ್ಬದ ಹಾಡು ಹೇಳಿದರು. ಅಂದು ಅವನು ಆಡಿದ್ದು 65. ಆದರೆ ಗಾಲ್ಫಿನಲ್ಲಿ ಒಬ್ಬನ ಲೆಕ್ಕವನ್ನು ಜೊತೆಗಾರ ಬರೆಯುತ್ತಾನೆ, ಆಡಿದವನು ನೋಡಿ ಸಹಿ ಹಾಕುತ್ತಾನೆ. 17ನೆಯ ಕುಳಿಯಲ್ಲಿ ಅವನು ಮೂರು ಹೊಡೆದಿದ್ದ. ಜೊತೆಗಾರ ಟಾಮಿ ಏರನ್ ನಾಲ್ಕು ಎಂದು ಬರೆದಿದ್ದ. ಕೊನೆಯ ಕುಳಿಯಲ್ಲಿ ಒಂದು ಹೊಡೆತ ಹೆಚ್ಚಾಗಿ ಹೋಗಿದ್ದರಿಂದ ಡಿ ವಿಚೆಂಜೊನ ಮನಸ್ಸು ಕದಡಿತ್ತೋ ಏನೋ, ಸಹಿ ಹಾಕಿಬಿಟ್ಟ. ಸಹಿಯಾದ ಲೆಕ್ಕ ನಿಜಕ್ಕಿಂತ ಕಡಿಮೆಯಿದ್ದರೆ ಆಟಗಾರ ಪಂದ್ಯದಿಂದ ಹೊರಗೆ. ಹೆಚ್ಚಿದ್ದರೆ ಆ ಹೆಚ್ಚಿನದೇ ಖಾಯಂ. 65 ಹೋಗಿ 66 ಆಯಿತು. ಬಾಬ್ ಗೋಲ್ಬಿ ಒಂದು ಹೊಡೆತದಿಂದ ಗೆದ್ದ; ಇಲ್ಲದಿದ್ದರೆ ಮರುದಿನ ಇಬ್ಬರೂ ಮತ್ತೆ ಆಡಬೇಕಿತ್ತು.

ಟಿ.ವಿ.ಯಲ್ಲಿ ಎಷ್ಟೋ ಜನ ನೋಡಿದ ಮೂರು ಹೊಡೆತ ಕಾಗದದ ಮೇಲೆ ನಾಲ್ಕಾಗಿ ಉಳಿದುಬಿಟ್ಟಿತು. ಜೋನ್ಸ್‌ನ ಹೊಡೆತವನ್ನು ಯಾರೂ ನೋಡಿರಲಿಲ್ಲ, ಲೆಕ್ಕಕ್ಕೆ ಬಂತು. ಇದನ್ನು ಎಲ್ಲರೂ ನೋಡಿದ್ದರು, ಲೆಕ್ಕಕ್ಕೆ ಬರಲಿಲ್ಲ. ಇದು ನ್ಯಾಯವೇ?

ನಮ್ಮ ಹಳ್ಳಿಗಳಲ್ಲಿ ಓದಲು ಬಾರದವರು ಸಾಲಪತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕಥೆಗಳನ್ನು ಕೇಳಿ ಬೆಳೆದ ನನಗೆ, ಸಹಿಯೇ ಕೊನೆಯ ಮಾತು ಎನ್ನುವ ನಿಯಮ ಕಂಡರೆ ಸಿಟ್ಟು. ಆದರೆ ಅಲ್ಲಿ ಬರೆದವನಿಗೆ ಲಾಭವಿತ್ತು, ಒತ್ತಿದವನಿಗೆ ಅಕ್ಷರವಿರಲಿಲ್ಲ. ಇಲ್ಲಿ ಏರನ್‌ಗೆ ಯಾವ ಲಾಭವೂ ಇಲ್ಲ. ಕಾರ್ಡು ಆಡಿದವನ ಕೈಯಲ್ಲೇ ಇತ್ತು, ಅಂಕಿ ಓದಲು ಬರುತ್ತಿತ್ತು. ಸುಳ್ಳು ಹೇಳದಿದ್ದರೆ ಸಾಲದು, ನಿನ್ನ ಹೆಸರಿನಲ್ಲಿ ಬರೆದದ್ದನ್ನು ನೋಡುವ ಹೊಣೆಯೂ ನಿನ್ನದೇ ಎಂದು ನಿಯಮ ಕೇಳುತ್ತದೆ. ಕಠಿಣವೇ, ಆದರೆ ಅನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ. ಡಿ ವಿಚೆಂಜೊ ಕೂಡ ಹಾಗೆನ್ನಲಿಲ್ಲ. ಏರನ್‌ನನ್ನು ದೂರದೆ, ದಡ್ಡ ನಾನೇ ಎಂದು ತನ್ನನ್ನೇ ಬೈದುಕೊಂಡ. 1970ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಕ್ರೀಡಾಮನೋಭಾವಕ್ಕಾಗಿ ಕೊಡುವ ಪ್ರಶಸ್ತಿ ಅವನಿಗೆ ಬಂತು. ಆ ಪ್ರಶಸ್ತಿ ಇರುವುದು ಬಾಬಿ ಜೋನ್ಸ್ ಹೆಸರಿನಲ್ಲಿ. ಹೊಗಳಿಕೆ ಬೇಡವೆಂದವನ ಹೆಸರಿನಲ್ಲೇ ಹೊಗಳಿಕೆ.

ನನ್ನ ಮರುಕ ಹೋಗುವುದು ಗೋಲ್ಬಿಯ ಕಡೆಗೆ. ಅವನು ಅಂದು 66 ಹೊಡೆದು ದುಡಿದು ಗೆದ್ದಿದ್ದ. ಯಾರ ಕಾರ್ಡನ್ನೂ ಮುಟ್ಟಿರಲಿಲ್ಲ. ಆದರೂ ಕದ್ದ ಗೆಲುವೆಂಬಂತೆ ಬೈಗುಳದ ಪತ್ರಗಳು ಬಂದವು. ಸೋತವನಿಗೆ ಲೋಕದ ಪ್ರೀತಿ ಸಿಕ್ಕಿತು, ತಪ್ಪು ಬರೆದವನಿಗೆ ಕ್ಷಮೆ ಸಿಕ್ಕಿತು, ಗೆದ್ದವನಿಗೆ ಮಾತ್ರ ಪ್ರಶ್ನೆ ಉಳಿಯಿತು. 2022ರಲ್ಲಿ ಅವನು ತೀರಿಕೊಂಡಾಗ ಬಂದ ಸುದ್ದಿಗಳಲ್ಲೂ ಡಿ ವಿಚೆಂಜೊನ ಕಾರ್ಡಿನ ಮಾತಿತ್ತು.

ಏರನ್ 1973ರಲ್ಲಿ ಅದೇ ಮಾಸ್ಟರ್ಸ್ ಗೆದ್ದ. ಕೊನೆಯ ಸುತ್ತು ಮುಗಿಸಿ ತನ್ನ ಕಾರ್ಡನ್ನು ನೋಡುವಾಗ, ಜೊತೆಗಾರ ಒಂದು ಹೊಡೆತ ಹೆಚ್ಚು ಬರೆದದ್ದು ಅವನ ಕಣ್ಣಿಗೆ ಬಿತ್ತು. ತಿದ್ದಿಸಿದ ಮೇಲೆ ಸಹಿ ಹಾಕಿದ.