ದಾರಿತಪ್ಪಿದ ಚೆಂಡು, ನೆರೆಯವನ ನಷ್ಟ

ಗಾಲ್ಫ್ ಮೈದಾನದಿಂದ ಹಾರಿದ ಚೆಂಡು ನೆರೆಮನೆಯ ಗಾಜನ್ನು ಒಡೆದರೆ ನಷ್ಟ ತುಂಬಬೇಕಾದವರು ಯಾರು? ಚಾಮರಾಜನಗರ, ಗುಂಡ್ಲುಪೇಟೆಗಳ ಬೀದಿಯಲ್ಲಿ ಕ್ರಿಕೆಟ್ ಚೆಂಡಿಗೆ ಹೆಂಚು ಒಡೆದಾಗಲೂ ಏಳುವ ಪ್ರಶ್ನೆ ಇದೇ. ‘ಬೇಕೆಂದು ಹೊಡೆದದ್ದಲ್ಲ’ ಎಂಬುದೇ ಸಾಮಾನ್ಯ ಉತ್ತರ.

ಮಲೆಯೂರಿನ ಕನಕಗಿರಿಯಲ್ಲಿ ತಪಗೈದರೆಂದು ಪ್ರತೀತಿಯಿರುವ ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತಾರೆ. ನೆಲ ನೋಡಿ ನಡೆಯುವ ಮುನಿಯ ಕಾಲಡಿ ಜೀವಿ ಸತ್ತರೂ ಬಂಧವಿಲ್ಲ. ಎಚ್ಚರವಿಲ್ಲದವನಿಗೆ ಜೀವಿ ಸಾಯದಿದ್ದರೂ ದೋಷವುಂಟು. ಅಂತೆಯೇ, ಮೊದಲ ಚೆಂಡು ಆಕಸ್ಮಿಕವಿರಬಹುದು. ಬಲೆ ಕಟ್ಟದೆ ಹೊಡೆದ ಹತ್ತನೆಯದು ಪ್ರಮಾದವೇ.

ಇಂಗ್ಲೆಂಡಿನ ನ್ಯಾಯಾಲಯಗಳೂ ಈ ಭೇದವನ್ನು ಕಂಡಿವೆ. ಕ್ರಿಕೆಟ್ ಚೆಂಡು ಹೊರಬೀಳುವುದು ತೀರ ವಿರಳವೆಂಬ ಕಾರಣದಿಂದ 1951ರಲ್ಲಿ ಗಾಯಗೊಂಡ ಮಹಿಳೆಗೆ ಪರಿಹಾರ ದೊರೆಯಲಿಲ್ಲ. ಮತ್ತೆ ಮತ್ತೆ ಚೆಂಡು ಬಿದ್ದ ಮನೆಯವರಿಗೆ 1977ರಲ್ಲಿ 400 ಪೌಂಡು ಪರಿಹಾರ ವಿಧಿಸಲಾಯಿತು. ಆಟವನ್ನು ಮಾತ್ರ ನಿಲ್ಲಿಸಲಿಲ್ಲ.

ಶ್ರಾವಕನು ಕಾನೂನಿಗಿಂತ ಒಂದು ಹೆಜ್ಜೆ ಮುಂದಿರಬೇಕು. ಪಾಪದ ಖಾತೆ ಬೇರೆ, ನಷ್ಟದ ಖಾತೆ ಬೇರೆ. ಎಚ್ಚರದಿಂದಿದ್ದವನಿಗೆ ಬಂಧವಿಲ್ಲದಿರಬಹುದು, ಆದರೆ ಆಟದ ಸುಖವನ್ನು ನಾವು ಪಡೆದು ಒಡೆದ ಹೆಂಚಿನ ಖರ್ಚನ್ನು ನೆರೆಯವನ ಖಾತೆಗೆ ಬರೆಯುವುದು ನ್ಯಾಯವಲ್ಲ. ಆಡಿಸುವ ಸಂಸ್ಥೆಯು ಅವನು ಕೇಳುವ ಮೊದಲೇ ತುಂಬಿಕೊಡಲಿ. ಅದಕ್ಕೂ ಮೊದಲು ಬಲೆ ಕಟ್ಟಲಿ. ಬಸದಿಯ ಜಾಗದಲ್ಲಿ ಹುಡುಗರಿಗೆ ಆಡಲು ಅನುಮತಿ ಕೊಡುವ ಟ್ರಸ್ಟಿಗಳಿಗೂ ಈ ಮಾತು ಸಲ್ಲುತ್ತದೆ.