ಚೆಂಡು ಮುಟ್ಟದವರು

ಬ್ಯಾಸ್ಕೆಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು ಒಂದು ಗಳಿಗೆ ಯೋಚಿಸಬಹುದು. ಫುಟ್‌ಬಾಲಿನಲ್ಲಿ ಕಾಲಡಿ ಇಟ್ಟುಕೊಂಡು ಸುತ್ತ ಕಣ್ಣಾಡಿಸಬಹುದು. ವಾಲಿಬಾಲ್ ಅಷ್ಟು ಪುರುಸೊತ್ತು ಕೊಡುವ ಆಟವಲ್ಲ. ಚೆಂಡು ಕೈಯಲ್ಲಿ ನಿಂತರೆ ತಪ್ಪು. ಮೂರು ಮುಟ್ಟಿನೊಳಗೆ ಅದು ನೆಟ್ ದಾಟಬೇಕು. ಸರ್ವ್ ಬಂದ ಮೇಲೆ ಏನು ಮಾಡಲಿ ಎಂದು ಯೋಚಿಸಲು ನಿಂತವರು ಅಂಕ ಕಳೆದುಕೊಂಡರೆಂದೇ ಲೆಕ್ಕ. ಯೋಚನೆಯೆಲ್ಲ ಮೊದಲೇ ಮುಗಿದು ಮೈಗಿಳಿದಿರಬೇಕು.

ಹಾಗೆ ಮೈಗಿಳಿಸುವ ಹೊಣೆ ಹೊತ್ತವರು ಮಾತ್ರ ಅಂಕಣದ ಗೆರೆಯಾಚೆ ಕೂತಿರುತ್ತಾರೆ. ಒಂದು ಸೆಟ್ಟಿಗೆ ಎರಡು ಟೈಮ್‌ಔಟ್, ಒಂದಷ್ಟು ಆಟಗಾರರ ಬದಲಾವಣೆ, ಉಳಿದಂತೆ ಕೂಗಾಟ. ಆಟ ಶುರುವಾದ ಮೇಲೆ ಕೋಚ್ ಕೈಯಲ್ಲಿ ಉಳಿಯುವುದು ಇಷ್ಟೇ. ಚೆಂಡನ್ನು ಮುಟ್ಟದೆಯೇ ಕೂತವರ ಲೆಕ್ಕಕ್ಕೆ ಗೆಲುವು ಜಮೆಯಾಗುವುದು ಹೇಗೆ?

ಈ ಪ್ರಶ್ನೆ ಇಟ್ಟುಕೊಂಡು ನೋಡಲು ರಸ್ ರೋಸ್ ಅವರಿಗಿಂತ ತಕ್ಕ ಮನುಷ್ಯ ಸಿಗುವುದು ಕಷ್ಟ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 1979ರಲ್ಲಿ ಕೋಚ್ ಆಗಿ ಬಂದವರು 2021ರವರೆಗೆ, 43 ಸೀಸನ್, ಅಲ್ಲೇ ಇದ್ದರು. 1330 ಗೆಲುವು, 229 ಸೋಲು, ಏಳು ರಾಷ್ಟ್ರೀಯ ಚಾಂಪಿಯನ್ ಪಟ್ಟ. 2007ರಿಂದ 2010ರ ಸೆಪ್ಟೆಂಬರ್‌ವರೆಗೆ ಸತತ 109 ಪಂದ್ಯ ಗೆದ್ದರು. 2008ರ ಇಡೀ ಸೀಸನ್‌ನಲ್ಲಿ ಅವರ ತಂಡ ಕಳೆದುಕೊಂಡದ್ದು ಎರಡೇ ಸೆಟ್.

ಪಂದ್ಯ ನಡೆಯುವಾಗ ಅವರು ಮಾಡುತ್ತಿದ್ದುದೇನು? ಬೆಂಚಿನಲ್ಲಿ ಕೂತು, ಪೆನ್ನು ಹಿಡಿದು, ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ವಾಲಿಬಾಲ್ ಕೋಚ್‌ಗಳು ಸಾಮಾನ್ಯವಾಗಿ ಸರ್ವ್ ತೆಗೆದುಕೊಳ್ಳುವ ಪ್ರತಿ ಪಾಸಿಗೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಸೆಟ್ಟರ್ ಯಾರಿಗೆ ಬೇಕಾದರೂ ಚೆಂಡು ಎತ್ತಿಕೊಡಲು ಬರುವಂಥ ಪಾಸಾದರೆ ಮೂರು, ಅಂಕವೇ ಹೋದರೆ ಸೊನ್ನೆ. ಜನ ಚಪ್ಪಾಳೆ ಹೊಡೆಯುವುದು ಸ್ಮ್ಯಾಷಿಗೆ. ಬೆಂಚಿನ ಕಾಗದ ಲೆಕ್ಕ ಹಿಡಿಯುವುದು ಅದಕ್ಕೂ ಎರಡು ಮುಟ್ಟು ಹಿಂದಿನ ಕೈಗಳನ್ನು. ತಪ್ಪಿದ ಪಾಸನ್ನು ಆ ಹೊತ್ತಿನಲ್ಲಿ ಸರಿಪಡಿಸಲಾಗದು. ಆ ಗುರುತೆಲ್ಲ ನಾಳಿನ ಅಭ್ಯಾಸಕ್ಕೆ.

ಕಾಲೇಜು ಆಟದಲ್ಲಿ ನಾಳೆಗೂ ಒಂದು ಮಿತಿ ಇದೆ. ಒಬ್ಬ ಹುಡುಗಿ ಆಡುವುದು ಸಾಮಾನ್ಯವಾಗಿ ನಾಲ್ಕು ಸೀಸನ್. ಹದಿನೆಂಟರ ಎಳಸು ಹುಡುಗಿ ಬಂದು, ಕಲಿತು, ಪಳಗಿ, ಇನ್ನೇನು ಹೇಳಿಕೊಡುವುದು ಉಳಿದಿಲ್ಲ ಅನ್ನುವಷ್ಟರಲ್ಲಿ ಪದವಿ ಹಿಡಿದು ಹೊರಟಿರುತ್ತಾಳೆ. ಮರು ಆಗಸ್ಟ್‌ನಲ್ಲಿ ಮತ್ತೆ ಮೊದಲ ಪಾಠ. ತಂಡಕ್ಕೆ ಯಾವಾಗಲೂ ಇಪ್ಪತ್ತರ ಆಸುಪಾಸಿನ ವಯಸ್ಸು. ವರ್ಷ ಕಳೆದಂತೆ ಮುದಿಯಾಗುವುದು ಕೋಚ್ ಒಬ್ಬರೇ. ಇಷ್ಟು ಬೇಗ ಕೈಬಿಡಬೇಕಾದದ್ದನ್ನು 43 ವರ್ಷ ಅದೇ ಶ್ರದ್ಧೆಯಿಂದ ತಿದ್ದುತ್ತ ಕೂರುವುದಕ್ಕೆ ಬರೀ ಗೆಲ್ಲುವ ಹಟ ಸಾಲದು. ತಾನು ಕಲಿಸಿದ್ದು ತನ್ನ ಬಳಿ ಉಳಿಯುವುದಿಲ್ಲ ಎಂದು ಒಪ್ಪಿಕೊಂಡಿರಬೇಕು.

ಹೋದದ್ದು ಎಲ್ಲಿಗೆ ಹೋಯಿತು? 2024ರ ಡಿಸೆಂಬರ್‌ನಲ್ಲಿ ಲೂಯಿವಿಲ್ ನಗರದಲ್ಲಿ ನಡೆದ ರಾಷ್ಟ್ರೀಯ ಫೈನಲ್ ಅದಕ್ಕೊಂದು ಉತ್ತರ. ಒಂದು ಕಡೆ ಪೆನ್ ಸ್ಟೇಟ್. ಅದರ ಕೋಚ್ ಕೇಟಿ ಶೂಮಾಕರ್-ಕಾಲಿ, 1999ರಲ್ಲಿ ರೋಸ್ ಮೊದಲ ಪಟ್ಟ ಗೆದ್ದಾಗ ಆ ತಂಡದಲ್ಲಿ ಆಡಿದವರು. ಇನ್ನೊಂದು ಕಡೆ ಲೂಯಿವಿಲ್; ಅದರ ಕೋಚ್ ಡ್ಯಾನಿ ಬುಸ್‌ಬೂಮ್ ಕೆಲಿ, ನೆಬ್ರಾಸ್ಕ ತಂಡ ಜಾನ್ ಕುಕ್ ಅವರ ಕೈಕೆಳಗೆ 2006ರಲ್ಲಿ ಪಟ್ಟ ಗೆದ್ದಾಗ ಆಡಿದವರು. ಇನ್ನೂ ಒಂದು ತಲೆಮಾರು ಹಿಂದಕ್ಕೆ ಹೋದರೆ ಎರಡು ದಾರಿಗಳೂ ಒಂದೇ ಮನೆಗೆ ಬಂದು ಸೇರುತ್ತವೆ. ರೋಸ್, ಕುಕ್ ಇಬ್ಬರೂ ಬೇರೆಬೇರೆ ಕಾಲದಲ್ಲಿ ನೆಬ್ರಾಸ್ಕದ ಕೋಚ್ ಟೆರಿ ಪೆಟಿಟ್ ಅವರಿಗೆ ಸಹಾಯಕರಾಗಿದ್ದವರು. ಅಂದು ಎದುರುಬದುರಾದವರು ಹೀಗೆ ಒಬ್ಬರ ಶಿಷ್ಯರ ಶಿಷ್ಯೆಯರು.

ಅಂದು ಗೆದ್ದದ್ದು ಪೆನ್ ಸ್ಟೇಟ್. ಶೂಮಾಕರ್-ಕಾಲಿ ಆ ಸೀಸನ್‌ನಲ್ಲಿ ಸ್ತನ ಕ್ಯಾನ್ಸರಿಗೆ ಕಿಮೊಥೆರಪಿ ತೆಗೆದುಕೊಳ್ಳುತ್ತಲೇ ತಂಡ ನಡೆಸುತ್ತಿದ್ದರು. ಸೆಮಿಫೈನಲ್‌ನಲ್ಲಿ ಕುಕ್ ಅವರ ನೆಬ್ರಾಸ್ಕದ ಎದುರು ಮೊದಲೆರಡು ಸೆಟ್ ಸೋತು, ಸೋಲಿನ ಅಂಚಿಗೆ ಬಂದು, ಆ ತಂಡ ಐದನೇ ಸೆಟ್ಟಿನಲ್ಲಿ ಪಂದ್ಯ ಕಿತ್ತುಕೊಂಡಿತ್ತು. ಕುಕ್ ಅವರಿಗೆ ಅದೇ ಕೊನೆಯ ಪಂದ್ಯವಾಯಿತು. ಗುರುವಿಗೆ ಶಿಷ್ಯರ ಕೈಲಿ ಸೋಲುವುದೇ ಹೆಮ್ಮೆ ಅನ್ನುವ ಮಾತು ನಮ್ಮಲ್ಲಿ ಹಳೆಯದು. ಕುಕ್ ಸೋತದ್ದು ತಮ್ಮದೇ ಶಿಷ್ಯೆಗಲ್ಲ, ರೋಸ್ ಅವರ ಶಿಷ್ಯೆಗೆ; ಆದರೂ ಇಲ್ಲಿಗೆ ಕತೆ ನಿಲ್ಲಿಸಿದರೆ ಆ ಮಾತಿಗೆ ಒಳ್ಳೆಯ ನಿದರ್ಶನವಾಗಿಬಿಡುತ್ತದೆ.

ಆದರೆ ಅದೇ ಗೆಲುವಿನಲ್ಲಿ ಇನ್ನೊಂದು ಲೆಕ್ಕವಿದೆ. ಅಮೆರಿಕದ ಅಗ್ರ ದರ್ಜೆಯ ಕಾಲೇಜು ಮಹಿಳಾ ವಾಲಿಬಾಲ್‌ನ ಈ ಚಾಂಪಿಯನ್‌ಷಿಪ್ ಶುರುವಾದದ್ದು 1981ರಲ್ಲಿ. ಅದನ್ನು ಗೆದ್ದ ಮೊದಲ ಮಹಿಳಾ ಮುಖ್ಯ ಕೋಚ್ ಶೂಮಾಕರ್-ಕಾಲಿ. ಆಡುವವರೆಲ್ಲ ಹೆಣ್ಣುಮಕ್ಕಳೇ ಆದ ಆಟದಲ್ಲಿ ಇಷ್ಟು ವರ್ಷ! 1972ರಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂದು, ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ತಾರತಮ್ಯ ಸಲ್ಲದೆಂದಿತು. ಆಡುವ ಹುಡುಗಿಯರು ಹೆಚ್ಚಿದರು, ವಿದ್ಯಾರ್ಥಿವೇತನ ಬಂತು, ಕೋಚ್ ಕೆಲಸಕ್ಕೆ ಸಂಬಳವೂ ಮರ್ಯಾದೆಯೂ ಬಂತು. ಅವು ಬಂದ ಮೇಲೆ ಆ ಕುರ್ಚಿಗೆ ಗಂಡಸರೂ ಬಂದರು. ಕಾನೂನಿಗೆ ಮುಂಚೆ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚ್ ಆಗಿದ್ದರು. ಈಗ ಅರ್ಧಕ್ಕಿಂತ ಕಡಿಮೆ.

ಇದು ರೋಸ್ ಅವರ ಮೇಲೆ ಹೊರಿಸಬೇಕಾದ ತಪ್ಪಲ್ಲ. ಅವರು ಯಾರ ಕುರ್ಚಿಯನ್ನೂ ಕಿತ್ತುಕೊಳ್ಳಲಿಲ್ಲ. ಆದರೂ ಒಬ್ಬರು 43 ವರ್ಷ ಕೂತ ಜಾಗ ಬೇರೆ ಯಾರೂ ಕೂರದ ಜಾಗವೂ ಹೌದು. ಶಿಷ್ಯರಿಂದ ಸೋಲಬಯಸುವ ಗುರುವನ್ನು ಕೊಂಡಾಡುವಾಗ ನಾವು ಮರೆಯುವುದು ಇದನ್ನೇ. ವಿದ್ಯೆ ಕೊಟ್ಟರೆ ಅರ್ಧ ಕೊಟ್ಟಂತೆ. ಅದನ್ನು ನಡೆಸಿ ತೋರಿಸಲು ಜಾಗವೂ ಬೇಕು. ವಿದ್ಯೆ ಕೊಡುವುದರಲ್ಲಿ ಹೆಸರಿದೆ, ಸುಖವಿದೆ. ಕೊಟ್ಟಷ್ಟೂ ಕೊಡುವವರ ಬಳಿ ಬೆಳೆಯುತ್ತದೆ. ಜಾಗ ಹಾಗಲ್ಲ. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರಿಗೆ. ನಮ್ಮ ಸಂಗೀತ ಶಾಲೆ, ಪತ್ರಿಕೆ, ಮಠ, ಪಕ್ಷ, ಎಲ್ಲೇ ನೋಡಿದರೂ ವಿದ್ಯೆಯಲ್ಲಿ ಧಾರಾಳಿಗಳಾದ ಹಿರಿಯರು ಜಾಗದ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿಯುವುದನ್ನು ಕಾಣುತ್ತೇವೆ.

ರೋಸ್ ಎರಡನ್ನೂ ಕೊಟ್ಟರು, ಎರಡನೆಯದನ್ನು ತಡವಾಗಿ. ಬೇರೆಡೆ ಕೋಚ್ ಆಗಿ ಪಳಗಿದ್ದ ಶಿಷ್ಯೆ ಶೂಮಾಕರ್-ಕಾಲಿ 2018ರಲ್ಲಿ ಅವರ ಬೆಂಚಿಗೇ ಸಹಾಯಕಿಯಾಗಿ ಬಂದರು. 2021ರ ಸೀಸನ್ ಮುಗಿದ ಮೇಲೆ ರೋಸ್ ಎದ್ದರು, ಆ ಜಾಗದಲ್ಲಿ ಶಿಷ್ಯೆ ಕೂತರು. ಮೂರನೇ ಸೀಸನ್ನಿಗೇ ಪಟ್ಟ ಬಂತು. ಆ ಗೆಲುವು ರೋಸ್ ಅವರ 1330ರಲ್ಲಿ ಸೇರಿಲ್ಲ, ಸೇರಬೇಕಾಗಿಯೂ ಇಲ್ಲ. ಕೋಚ್ ಲೆಕ್ಕಕ್ಕೆ ಗೆಲುವು ಜಮೆಯಾಗುವುದು ಹೇಗೆಂದು ಹುಡುಕುತ್ತ ಹೊರಟರೆ, ರೋಸ್ ಖಾತೆಗೆ ಜಮೆಯಾಗದ ಈ ಒಂದು ಗೆಲುವೇ ಅವರ ಬದುಕಿನ ಕೆಲಸವನ್ನು ಹೆಚ್ಚು ಹೇಳುವಂತಿದೆ.

ಫೈನಲ್ ಸೋತ ಬುಸ್‌ಬೂಮ್ ಕೆಲಿ ಮುಂದಿನ ವರ್ಷ ಕುಕ್ ತೆರವು ಮಾಡಿದ ನೆಬ್ರಾಸ್ಕದ ಕುರ್ಚಿಗೆ ಬಂದರು. ಈ ಇಬ್ಬರು ಶಿಷ್ಯೆಯರ ಗೆಲುವಿನ ಲೆಕ್ಕವೂ ಬೆಳೆಯುತ್ತ ಹೋಗಬಹುದು. ಗುರುಗಳಿಂದ ಅವರು ಪೂರ್ತಿ ಕಲಿತರೋ ಇಲ್ಲವೋ ಎಂಬುದು ಮಾತ್ರ, ತಮ್ಮ ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳುತ್ತಾರೆ, ಯಾವಾಗ ಏಳುತ್ತಾರೆ ಎಂಬುದರಲ್ಲಿ ತಿಳಿಯುತ್ತದೆ.